ಐದನೇ ನಿಮಿಷದಿಂದ ನೋಡಬೇಕಿತ್ತು

ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳ ಮೇಲೆ ನಾನು ಮಾಡಿದ ಮೊದಲ ಟೈಮ್ ಕೋರ್ಸ್‌ನಲ್ಲಿ ಏನೂ ಕಾಣಲಿಲ್ಲ. ಕೋಶಗಳಿಗೆ ಎಲ್‌ಪಿಎಸ್ ಹಾಕಿದ್ದೆ. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಸ್ತು ಅದು. ಸೊನ್ನೆ, ಒಂದು, ಎರಡು, ನಾಲ್ಕು ಗಂಟೆಗೆ ಸ್ಯಾಂಪಲ್ ತೆಗೆದು ವೆಸ್ಟರ್ನ್ ಬ್ಲಾಟ್ ಮಾಡಿದೆ. ಒಂದು ಪ್ರೋಟೀನ್ ಎಷ್ಟಿದೆ ಅಂತ ಆಂಟಿಬಾಡಿ ಬಳಸಿ ಬ್ಯಾಂಡ್ ಆಗಿ ತೋರಿಸುವ ವಿಧಾನ ಅದು, ಒಂದೊಂದು ಸ್ಯಾಂಪಲ್‌ಗೆ ಒಂದೊಂದು ಲೇನ್. ಹುಡುಕುತ್ತಿದ್ದದ್ದು ಐಕಪ್ಪಾಬಿ ಆಲ್ಫಾ ಎಂಬ ಪ್ರೋಟೀನನ್ನು. ಸಿಗ್ನಲ್ ಒಳಗೆ ಹೋದರೆ ಅದು ಕರಗಿಹೋಗಬೇಕು. ಆದರೆ ನಾಲ್ಕೂ ಲೇನ್‌ಗಳಲ್ಲಿ ಬ್ಯಾಂಡ್ ಹೆಚ್ಚುಕಡಿಮೆ ಒಂದೇ ದಪ್ಪ.

ಎಲ್‌ಪಿಎಸ್ ಹಾಳಾಗಿದೆ ಅಂದುಕೊಂಡೆ. ಆದರೆ ಅದೇ ಡಿಶ್‌ಗಳ ಮೀಡಿಯಂನಲ್ಲಿ, ಅಂದರೆ ಕೋಶಗಳು ಬೆಳೆಯುವ ದ್ರವದಲ್ಲಿ, ಎಲೈಸಾ ಎಂಬ ಅಳತೆಯ ಪರೀಕ್ಷೆ ಮಾಡಿದಾಗ ಉರಿಯೂತ ಎಬ್ಬಿಸುವ ಪ್ರೋಟೀನ್ ಟಿಎನ್‌ಎಫ್ ಚೆನ್ನಾಗಿ ಏರಿತ್ತು. ಅಂದರೆ ಕೋಶ ಉರಿಯೂತದ ಕೆಲಸ ಶುರು ಮಾಡಿ ಆಗಿತ್ತು. ಸುದ್ದಿ ಒಳಗೆ ಹೋಗಿದೆ, ನನ್ನ ಕಣ್ಣಿಗೆ ಮಾತ್ರ ಬಿದ್ದಿಲ್ಲ.

ಆಗ ಕೂತು ದಾರಿಯನ್ನು ಮತ್ತೆ ಒಂದೊಂದೇ ಹೆಜ್ಜೆಯಾಗಿ ಬರೆದುಕೊಂಡೆ. ಕೋಶದ ಮೇಲ್ಮೈಯಲ್ಲಿ ಹೊರಗಿನ ಸುದ್ದಿ ಹಿಡಿಯುವ ಟಿಎಲ್‌ಆರ್4 ರಿಸೆಪ್ಟರ್ ಇದೆ, ಅದರ ಜೊತೆಗೆ ಎಂಡಿ2 ಎಂಬ ಪುಟ್ಟ ಪ್ರೋಟೀನ್. ಎಲ್‌ಪಿಎಸ್ ಬಂದು ಎಂಡಿ2ದ ಸಂದಿನಲ್ಲಿ ಕೂತರೆ ಇಂಥ ಎರಡು ಜೋಡಿಗಳು ಹತ್ತಿರ ಬರುತ್ತವೆ. ಹೊರಗೆ ತಲೆಗಳು ಹತ್ತಿರವಾದರೆ ಒಳಗೆ ಬಾಲಗಳೂ ಹತ್ತಿರವಾಗುತ್ತವೆ. ಎಲ್‌ಪಿಎಸ್ ಒಳಗೆ ಹೋಗಬೇಕಾಗಿಯೇ ಇಲ್ಲ, ಬಾಲಗಳು ಸೇರಿದರೆ ಸಾಕು. ಆ ಬಾಲಗಳ ಬಳಿ ಮೈಡಿ88 ಪ್ರೋಟೀನ್‌ಗಳು ಸೇರುತ್ತವೆ, ಅವುಗಳ ಮೇಲೆ ಐರಾಕ್ ಎಂಬ ಕೈನೇಸ್‌ಗಳು, ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಪ್ರೋಟೀನ್‌ಗಳು. 2010ರಲ್ಲಿ ಇದರ ರಚನೆ ಪ್ರಕಟವಾಯಿತು: 6 ಮೈಡಿ88, 4 ಐರಾಕ್4, 4 ಐರಾಕ್2, ಸುರುಳಿ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಆ ಚಿತ್ರ ಮೊದಲು ನೋಡಿದಾಗ ಎಷ್ಟೋ ಹೊತ್ತು ಕಣ್ಣು ತೆಗೆಯಲು ಆಗಲಿಲ್ಲ. ಅಲ್ಲಿಂದ ಸುದ್ದಿ ಟ್ರಾಫ್6, ಟ್ಯಾಕ್1 ಪ್ರೋಟೀನ್‌ಗಳನ್ನು ದಾಟಿ ಕೊನೆಗೆ ಐಕೆಕೆ ಎಂಬ ಕೈನೇಸ್‌ಗೆ ಮುಟ್ಟುತ್ತದೆ.

ನನ್ನ ಬ್ಲಾಟ್‌ಗೆ ಬೇಕಾದದ್ದು ಇದರ ಮುಂದಿನ ಭಾಗ. ಸುಮ್ನಿರುವ ಕೋಶದಲ್ಲಿ ಜೀನ್‌ಗಳನ್ನು ಆನ್ ಮಾಡುವ ಎನ್‌ಎಫ್ ಕಪ್ಪಾಬಿ ಪ್ರೋಟೀನನ್ನು ನ್ಯೂಕ್ಲಿಯಸ್‌ನ ಹೊರಗೆ ಹಿಡಿದಿಟ್ಟಿರುವುದು ಐಕಪ್ಪಾಬಿ ಆಲ್ಫಾ. ಐಕೆಕೆ ಅದರ 32 ಮತ್ತು 36ನೇ ಸ್ಥಾನದ ಸೆರಿನ್ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಹಾಗೆ ಗುರುತು ಬಿದ್ದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಚೀಟಿಯ ಹಾಗೆ ಸೇರುತ್ತದೆ, ಕೋಶದ ಪ್ರೋಟೀನ್ ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ತುಂಡು ಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾಬಿ ನ್ಯೂಕ್ಲಿಯಸ್ಸಿಗೆ ಹೋಗಿ ಟಿಎನ್‌ಎಫ್, ಐಎಲ್6 ಮುಂತಾದ ಜೀನ್‌ಗಳನ್ನು ಆನ್ ಮಾಡುತ್ತದೆ. ಅದು ಆನ್ ಮಾಡುವ ಜೀನ್‌ಗಳಲ್ಲಿ ಐಕಪ್ಪಾಬಿ ಆಲ್ಫಾದ ಜೀನೂ ಒಂದು! ತನ್ನನ್ನು ಕಟ್ಟಿಹಾಕುವ ಪ್ರೋಟೀನನ್ನು ತಾನೇ ಮಾಡಿಸಿಕೊಳ್ಳುತ್ತದೆ. ಹಾಗಾದರೆ ಒಂದು ಗಂಟೆಯ ಹೊತ್ತಿಗೆ ಹಳೆಯದು ಹೋಗಿ ಹೊಸದು ಬಂದಿರಬೇಕು, ಅಲ್ವಾ? ನನ್ನ ಮೊದಲ ಸ್ಯಾಂಪಲ್‌ಗೂ ಎರಡನೆಯದಕ್ಕೂ ನಡುವೆಯೇ ಎಲ್ಲ ಮುಗಿದಿತ್ತು.

ಎರಡನೇ ಸಲ 0, 5, 15, 30, 60 ನಿಮಿಷ ಇಟ್ಟುಕೊಂಡೆ. ಇಲ್ಲಿ ಕ್ರಮ ಮುಖ್ಯ. 60 ನಿಮಿಷದ ಡಿಶ್‌ಗೆ ಮೊದಲು ಎಲ್‌ಪಿಎಸ್ ಹಾಕಬೇಕು, ಅರ್ಧ ಗಂಟೆ ಬಿಟ್ಟು 30ರದ್ದಕ್ಕೆ, ಹೀಗೆ 5 ನಿಮಿಷದ್ದಕ್ಕೆ ಕೊನೆಗೆ. ಆಗ ಐದನ್ನೂ ಒಟ್ಟಿಗೆ ಐಸ್ ಮೇಲೆ ಇಡಬಹುದು. ತಣ್ಣಗಿನ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಿಂದ ತೊಳೆದು, ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್‌ಗಳನ್ನು ತಡೆಯುವ ರಾಸಾಯನಿಕ ಸೇರಿಸಿದ, ಕೋಶ ಒಡೆಯುವ ಲೈಸಿಸ್ ಬಫರ್ ಹಾಕಿ ತಕ್ಷಣ ಕೆರೆದು ತೆಗೆದೆ. ಇಲ್ಲಿ ತಡ ಮಾಡಿದರೆ ನಾವು ಹುಡುಕುವ ಫಾಸ್ಫೇಟೇ ಉದುರಿಹೋಗುತ್ತದೆ. ಎಲ್‌ಪಿಎಸ್ ಮಿಲಿಲೀಟರಿಗೆ 100 ನ್ಯಾನೋಗ್ರಾಂ. ಅದು ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಚೆನ್ನಾಗಿ ವೋರ್ಟೆಕ್ಸ್ ಯಂತ್ರದಲ್ಲಿ ಅಲುಗಾಡಿಸಿದೆ. ಮೀಡಿಯಂನಲ್ಲಿ ಸೀರಂ, ಅಂದರೆ ರಕ್ತದ ತಿಳಿ ಭಾಗ, ಉಳಿಸಿದೆ. ಸೀರಂನ ಎಲ್‌ಬಿಪಿ ಪ್ರೋಟೀನ್ ಎಲ್‌ಪಿಎಸ್ಸನ್ನು ಕೋಶದ ಮೇಲಿನ ಸಿಡಿ14 ಪ್ರೋಟೀನಿಗೆ ತಲುಪಿಸುತ್ತದೆ, ಸಿಡಿ14 ಅದನ್ನು ರಿಸೆಪ್ಟರಿಗೆ ದಾಟಿಸುತ್ತದೆ. ಸೀರಂ ತೆಗೆದರೆ ಇಷ್ಟು ಕಡಿಮೆ ಎಲ್‌ಪಿಎಸ್‌ಗೆ ಸಿಗ್ನಲ್ ಸೊರಗುತ್ತದೆ.

ಈ ಸಲ ಬ್ಲಾಟ್ ನೋಡಿ ಮನಸ್ಸು ತುಂಬಿತು. ಸೊನ್ನೆಯಲ್ಲಿ ದಪ್ಪ ಬ್ಯಾಂಡ್. ಐದರಲ್ಲೂ ದಪ್ಪವೇ, ಆದರೆ ಫಾಸ್ಫೇಟ್ ಗುರುತಿಸುವ ಆಂಟಿಬಾಡಿಯಲ್ಲಿ ಹೊಸ ಬ್ಯಾಂಡ್ ಎದ್ದಿತ್ತು. ಹದಿನೈದರಲ್ಲಿ ಬ್ಯಾಂಡ್ ಇದ್ದ ಜಾಗ ಖಾಲಿ. ಮೂವತ್ತರಲ್ಲಿ ತೆಳ್ಳಗೆ ಒಂದು ಗೆರೆ. ಅರವತ್ತರಲ್ಲಿ ಮತ್ತೆ ದಪ್ಪ. ಕೆಳಗೆ ಹೋಲಿಕೆಗೆ ನೋಡಿದ ಆಕ್ಟಿನ್ ಪ್ರೋಟೀನ್ ಐದೂ ಲೇನ್‌ಗಳಲ್ಲಿ ಸಮ, ಅಂದರೆ ಎಲ್ಲ ಲೇನ್‌ಗೂ ಒಂದೇ ಪ್ರಮಾಣದ ಸ್ಯಾಂಪಲ್ ಹೋಗಿತ್ತು.

ಅರವತ್ತರ ಬ್ಯಾಂಡ್ ಹೊಸದು ಅಂತ ತೋರಿಸಲು ಇನ್ನೊಂದು ಸೆಟ್‌ಗೆ ಸೈಕ್ಲೋಹೆಕ್ಸಿಮೈಡ್ ಕೊಟ್ಟೆ. ಅದು ಹೊಸ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆ ಸೆಟ್‌ನಲ್ಲಿ ಅರವತ್ತನೇ ನಿಮಿಷದಲ್ಲೂ ಜಾಗ ಖಾಲಿಯೇ ಇತ್ತು. ಬರೀ ಸೈಕ್ಲೋಹೆಕ್ಸಿಮೈಡ್ ಹಾಕಿದ ಡಿಶ್ ಕೂಡ ಜೊತೆಗೆ ಇರಲೇಬೇಕು. ಇಲ್ಲದಿದ್ದರೆ ಬ್ಯಾಂಡ್ ಹೋಗಿದ್ದು ಯಾವುದರಿಂದ ಅಂತ ಹೇಳಲು ಆಗುವುದಿಲ್ಲ.

ಕೆಲವು ತಿಂಗಳ ನಂತರ ಇನ್ನೊಂದು ಪೆಟ್ಟು ಬಿತ್ತು. ಕೊಂಡು ತಂದ ಒಂದು ರಿಕಾಂಬಿನಂಟ್ ಪ್ರೋಟೀನ್ (ಬೇರೆ ಜೀವಿಗೆ ಜೀನ್ ಸೇರಿಸಿ ಮಾಡಿಸಿದ್ದು) ಹಾಕಿದಾಗ ಐಕಪ್ಪಾಬಿ ಆಲ್ಫಾ ಇದೇ ಥರ ಕರಗಿತು. ರಿಸೆಪ್ಟರಿಗೆ ಅಂಟುವ ಹೊಸ ಲೈಗಾಂಡ್ ಸಿಕ್ಕಿತು ಅಂತ ಎರಡು ವಾರ ಅದರ ಹಿಂದೆಯೇ ಓಡಾಡಿದೆ. ಆಮೇಲೆ ಅದನ್ನು ಕುದಿಸಿ ಹಾಕಿ ನೋಡಿದೆ. ಕುದಿಸಿದರೆ ಸಾಮಾನ್ಯವಾಗಿ ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಸಿಗ್ನಲ್ ಹಾಗೇ ಇತ್ತು. ಎಲ್‌ಪಿಎಸ್‌ಗೆ ಅಂಟಿ ಅದನ್ನು ತಡೆಯುವ ಪಾಲಿಮಿಕ್ಸಿನ್ ಬಿ ಸೇರಿಸಿದೆ. ಸಿಗ್ನಲ್ ಹೋಯಿತು. ಆ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದರು, ಅದರ ಎಲ್‌ಪಿಎಸ್ ಟ್ಯೂಬಿನಲ್ಲೇ ಉಳಿದುಕೊಂಡಿತ್ತು. ತುಂಬ ಬೇಜಾರಾಯಿತು. ಈಗ ಯಾವ ಪ್ರೋಟೀನ್ ಬಂದರೂ ಮೊದಲ ದಿನವೇ ಮೂರು ಡಿಶ್ ಇಡುತ್ತೇನೆ: ಹಾಗೇ ಒಂದು, ಕುದಿಸಿದ್ದು ಒಂದು, ಪಾಲಿಮಿಕ್ಸಿನ್ ಸೇರಿಸಿದ್ದು ಒಂದು. ಹದಿನೈದು ನಿಮಿಷಕ್ಕೆ ಮೂರನ್ನೂ ಐಸ್ ಮೇಲೆ ಇಡುತ್ತೇನೆ.