ಟಬ್ ಬುಡದ ಸಂದು: ಅರ್ಧ ನೀರು ತುಂಬಿಸಿ ಸಿಲಿಕೋನ್ ಹೊಡೆದ ನನ್ನ ಅನುಭವ

ಹತ್ತಿರ ಹತ್ತಿರ ಒಂದೂವರೆ ವರ್ಷ ಆಯ್ತು, ಟಬ್ಬಿಗೂ ನೆಲದ ಟೈಲ್ಸಿಗೂ ಮಧ್ಯ ಹಾಕಿದ ಸಿಲಿಕೋನ್ (ರಬ್ಬರ್ ಥರ ಗಟ್ಟಿಯಾಗೋ ಸಂದು ಮುಚ್ಚೋ ಅಂಟು) ಒಂದು ಕೂದಲೆಳೆಯಷ್ಟೂ ಬಿಟ್ಟಿಲ್ಲ. ಅರ್ಧ ಟಬ್ ನೀರು ಇಟ್ಕೊಂಡು ಹೊಡೀತೀನಿ ಅಂದಾಗ ಪ್ಲಂಬರ್ ತಲೆ ಅಲ್ಲಾಡಿಸಿದ್ರು, ನಮ್ಮ ಭಾವ ಅಂತೂ "ಇನ್ನೊಂದು ಟ್ಯೂಬ್ ದಂಡ" ಅಂದ್ರು. ಅದಕ್ಕೇ ಬರೀಬೇಕು ಅನ್ನಿಸ್ತು.

ಅದಕ್ಕೆ ಮುಂಚೆ ಮೂರು ಸಲ ಕೆಟ್ಟಿದೆ. ಮೊದಲು ಟೈಲ್ಸ್ ಮೇಸ್ತ್ರಿ ಗ್ರೌಟ್, ಅಂದ್ರೆ ಟೈಲ್ಸ್ ಸಂದಿಗೆ ಹಾಕೋ ಸಿಮೆಂಟಿನ ಮಿಶ್ರಣ, ತುಂಬಿದ್ರು, ಮೂರು ವಾರಕ್ಕೆ ಬಿರುಕು. ಟಬ್ ಅಲ್ಲಾಡುತ್ತೆ, ಗ್ರೌಟ್ ಅಲ್ಲಾಡಲ್ಲ, ಇನ್ನೇನಾಗುತ್ತೆ. ಅವರ ಒಂದು ದಿನದ ಕೂಲಿಗೆ ಒಳ್ಳೇ ಸಿಲಿಕೋನ್ ನಾಲ್ಕು ಟ್ಯೂಬ್ ಬರ್ತಿತ್ತು. ಎರಡನೇ ಸಲ ದುಡ್ಡು ಉಳಿಸೋಕೆ ಅಕ್ರಿಲಿಕ್ ಸೀಲಂಟ್ ಹಾಕ್ದೆ, ನೀರು ನಿಲ್ಲೋ ಜಾಗ ಅಲ್ವಾ, ಮೆತ್ತಗಾಗಿ ಎದ್ದು ಬಂತು. ಮೂರನೇದೇ ಜಾಸ್ತಿ ಹೊಟ್ಟೆ ಉರಿಸಿದ್ದು, ಬೂಸ್ಟು ಹಿಡಿಯದ ದುಬಾರಿ ಸ್ಯಾನಿಟರಿ ಸಿಲಿಕೋನೇ ತಂದು, ಹಳೇದು ಅಲ್ಲಲ್ಲಿ ಅಂಟಿದ್ದ ಜಾಗದ ಮೇಲೇ ಹೊಡೆದುಬಿಟ್ಟೆ, ಹಳೇ ಸಿಲಿಕೋನ್ ಮೇಲೆ ಹೊಸದು ಹಿಡಿಯಲ್ಲ ಅಂತ ಗೊತ್ತಿದ್ದೂ! ಎರಡು ತಿಂಗಳಿಗೆ ಒಂದು ತುದಿ ಹಿಡಿದು ಎಳೆದ್ರೆ ದಾರದ ಥರ ಪೂರ್ತಿ ಬಂತು.

ಆಮೇಲೆ ಕೂತು ಅಳತೆ ಮಾಡ್ದೆ. ಡ್ರಿಲ್ ಬಿಟ್‌ಗಳನ್ನೇ ಸಂದಿಗೆ ತೂರಿಸಿ ನೋಡಿದೆ, ಖಾಲಿ ಟಬ್ಬಲ್ಲಿ 6 ಮಿಮೀ ಬಿಟ್ ಸರಿಯಾಗಿ ಕೂತ್ಕೊಳ್ತು, ನೀರು ತುಂಬಿಸಿ ನಾನೂ ಒಳಗೆ ಕೂತಾಗ ಹೆಂಡತಿ ನೋಡಿದ್ರೆ 4 ಮಿಮೀದೇ ಕಷ್ಟಪಟ್ಟು ಹೋಗ್ತಿತ್ತು. ಗೋಡೆ ಕಡೆ ಸಂದಿಗೆ ಟಬ್ ತುಂಬಿಸಿ ಹೊಡೀರಿ ಅಂತ ಎಲ್ಲರೂ ಹೇಳ್ತಾರೆ, ಸರಿನೇ, ಅಲ್ಲಿ ಭಾರಕ್ಕೆ ಸಂದು ಅಗಲ ಆಗುತ್ತೆ. ಆದ್ರೆ ನೆಲದ ಕಡೆ ಉಲ್ಟಾ, ಕಿರಿದಾಗುತ್ತೆ. ನನ್ನ ಟ್ಯೂಬ್ ಮೇಲೆ 25 ಪರ್ಸೆಂಟ್ ಅಂತ ಇತ್ತು, ಅಂದ್ರೆ ಹೊಡೆದಾಗ ಸಂದು ಎಷ್ಟು ಅಗಲ ಇತ್ತೋ ಅದರಲ್ಲಿ ಅಷ್ಟು ಎಳೆತ, ಅಷ್ಟು ಒತ್ತು ತಡೆಯುತ್ತೆ. ಖಾಲಿ ಟಬ್ಬಲ್ಲಿ ಹೊಡೆದ್ರೆ ಆರರಲ್ಲಿ ಎರಡು ಒತ್ತುತ್ತೆ, ಅಂದ್ರೆ 33. ಪೂರ್ತಿ ತುಂಬಿಸಿ ಹೊಡೆದ್ರೆ ನಾಲ್ಕಿಂದ ಆರಕ್ಕೆ ಎಳೆಯುತ್ತೆ, ಅಂದ್ರೆ 50, ಇನ್ನೂ ಕೆಟ್ಟದು. ಅರ್ಧ ತುಂಬಿಸಿ 5 ಮಿಮೀಗೆ ತಂದು ಹೊಡೆದ್ರೆ ಆ ಕಡೆ ಒಂದು, ಈ ಕಡೆ ಒಂದು, 20ರಲ್ಲೇ ಮುಗೀತು. ಇಷ್ಟೇ ಲೆಕ್ಕ.

ಹಳೇದು ಕೀಳೋಕೇ ಎರಡು ಸಂಜೆ ಹೋಯ್ತು. ಟೈಲ್ಸ್ ಮೇಲೆ ಬ್ಲೇಡು, ಟಬ್ ಮೇಲೆ ಪ್ಲಾಸ್ಟಿಕ್ ಪಟ್ಟಿ ಮಾತ್ರ. ಅಕ್ರಿಲಿಕ್ ಟಬ್ಬಿಗೆ ಥಿನ್ನರ್ ತಾಗಿಸಬೇಡಿ, ಹೊಳಪು ಹೋಗುತ್ತೆ, ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಆಮೇಲೆ ಮೂರು ದಿನ ಫ್ಯಾನ್, ಯಾರೂ ಸ್ನಾನದ ಮನೆಗೆ ಕಾಲಿಡೋ ಹಾಗಿಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತೆ ಆದ್ರೆ ಟಬ್ ಕೆಳಗೆ ತೇವ ಇರುತ್ತೆ, ನಾನು ತಂತಿಗೆ ಟಿಶ್ಯೂ ಸುತ್ತಿ ಒಳಗೆ ತೂರಿಸಿ ನೋಡ್ತಿದ್ದೆ, ಎರಡನೇ ರಾತ್ರಿನೂ ಒದ್ದೆ ಬಂತು.

ಸಂದಿನೊಳಗೆ 8 ಮಿಮೀ ಫೋಮ್ ರಾಡ್, ಅಂದ್ರೆ ಸಿಲಿಕೋನ್ ತಳಕ್ಕೆ ಅಂಟದ ಹಾಗೆ ಇಡೋ ಮೆತ್ತನೆ ಹುರಿ, ಒತ್ತಿದೆ. ಇದು ಬೇಕಾ ಅಂತ ಅನುಮಾನ ಇತ್ತು, ಹಾಗಾಗಿ ಟೈಲ್ಸ್ ಚೂರುಗಳಲ್ಲಿ ಎರಡು ಮಾದರಿ ಮಾಡಿ, ಒಂದಕ್ಕೆ ರಾಡ್ ಇಟ್ಟು, ಇನ್ನೊಂದಕ್ಕೆ ತಳದ ತನಕ ಸಿಲಿಕೋನ್ ತುಂಬಿ ವಾರ ಬಿಟ್ಟು ಎಳೆದೆ. ರಾಡ್ ಇಲ್ಲದೆ ಎರಡು ಪಕ್ಕಕ್ಕೂ ತಳಕ್ಕೂ ಅಂಟಿದ್ದು ಅಂಚಲ್ಲಿ ಹರೀತು, ರಾಡ್ ಇದ್ದಿದ್ದು ರಬ್ಬರ್ ಥರ ಹಿಗ್ಗಿ ವಾಪಸ್ ಬಂತು.

ಹೊಡೆಯೋದು ನಿಮಗೆಲ್ಲ ಗೊತ್ತಿರೋದೇ, ಎರಡೂ ಕಡೆ ಮಾಸ್ಕಿಂಗ್ ಟೇಪ್, ಒಂದೇ ಎಳೆತ, ಪದರ ಕಟ್ಟೋಕೆ ಮುಂಚೆ ಟೇಪ್ ಕೀಳಬೇಕು. ಸಿಲಿಕೋನ್ ಸವರೋಕೆ ಬೆರಳು ಅದ್ದೋ ನೀರಿಗೆ ನಾನೇನು ಬೆರೆಸ್ತೀನಿ ಅನ್ನೋದು ನನ್ನ ಹತ್ರನೇ ಇರಲಿ, ಗಾಜಿನಷ್ಟು ನುಣುಪು ಬರುತ್ತೆ. ಸಿಲಿಕೋನ್ ಗಟ್ಟಿಯಾಗೋ ತನಕ ಅಂತ ಟಬ್ಬಲ್ಲಿದ್ದ ಅರ್ಧ ನೀರನ್ನ ಎರಡು ದಿನ ಹಾಗೇ ಬಿಟ್ಟೆ. ಖರ್ಚು ಒಂದು ಟ್ಯೂಬು, ಎರಡು ಮೀಟರ್ ರಾಡು, ಮೇಸ್ತ್ರಿ ಕೂಲಿಯ ಮೂರನೇ ಒಂದು ಭಾಗವೂ ಆಗಲಿಲ್ಲ.

ನೀರು ಸಿಡಿಯದ ಒಳ ಮೂಲೇಲಿ ಬೆರಳಗಲ ಜಾಗ ಸಿಲಿಕೋನ್ ಹಾಕದೆ ಬೇಕಂತ್ಲೇ ಬಿಟ್ಟಿದೀನಿ. ಪ್ಲಂಬರ್ ಇದಕ್ಕೂ ಬೇಡ ಅಂದಿದ್ರು. ಎರಡು ತಿಂಗಳ ಹಿಂದೆ ವೇಸ್ಟ್ ಪೈಪಿನ ವಾಷರ್ ಸಡಿಲ ಆದಾಗ ನೀರು ಅಲ್ಲಿಂದಲೇ ಹೊರಗೆ ಬಂತು, ಅದೇ ದಿನ ಗೊತ್ತಾಯ್ತು. ಬಂದು ನೋಡಿದ ಪ್ಲಂಬರ್ ಆ ಮೂಲೇನ ಹಾಗೇ ಬಿಟ್ಟು ವಾಷರ್ ಮಾತ್ರ ಬದಲಾಯಿಸಿ ಹೋದ್ರು.