ನ್ಯೂಜೆರ್ಸಿ ಸಬರ್ಬಿನಲ್ಲಿ ಮನೆ ಹಿಡಿಯುವ ಹೊಸಬರಿಗೆ

ಎಡಿಸನ್, ಪ್ಲೇನ್ಸ್‌ಬರೋ, ಬ್ರಿಡ್ಜ್‌ವಾಟರ್ ಕಡೆ ಮನೆ ಹಿಡಿದವರು ಮೊದಲ ವಾರವೇ ಕೇಳುವ ಪ್ರಶ್ನೆ: "ಇಲ್ಲಿ ಜನಾನೇ ಇಲ್ವಾ?" ಇದ್ದಾರೆ. ಕಾರು ಗ್ಯಾರೇಜಿನೊಳಗೆ ಹೋಗುತ್ತೆ, ಶಟರ್ ಇಳಿಯುತ್ತೆ, ಆಮೇಲೆ ಮನೆಯವರ ಓಡಾಟವೆಲ್ಲ ಹಿತ್ತಲ ಡೆಕ್ಕಿನಲ್ಲಿ, ಅಂದರೆ ಮನೆ ಹಿಂದಿನ ಹಲಗೆ ಜಗಲಿಯಲ್ಲಿ. ಜಗಲಿ ಮೇಲೆ ಕೂತು ಹೋಗಿ ಬರುವವರನ್ನು ಮಾತಾಡಿಸಿ ಬೆಳೆದ ನಮಗೆ ಇದು ಜಂಬದ ಹಾಗೆ ಕಾಣಬಹುದು. ಹಾಗೇನಿಲ್ಲ. ಫೋನ್ ಮಾಡಿ ಕರೆದರೆ ಖುಷಿಯಾಗಿ ಬರುತ್ತಾರೆ, ಹೇಳದೆ ಕೇಳದೆ ನೀವು ಹೋಗಿ ಬೆಲ್ ಒತ್ತಿದರೆ ಗಾಬರಿಯಾಗುತ್ತಾರೆ.

ಬೆಂಗಳೂರಲ್ಲಿ ಊರೊಳಗೆ ಬೆಲೆ ಕೈಗೆಟುಕದೆ ಊರಾಚೆ ಸೈಟು ತಗೊಳ್ಳುವವರೇ ಜಾಸ್ತಿ. ಇಲ್ಲಿ ಊರಾಚೆಯ ಮನೆಯೇ ಸೆಟಲ್ ಆದ ಗುರುತು. ಇದು ತಾನಾಗಿ ಬಂದದ್ದಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಮನೆಸಾಲಕ್ಕೆ ಸರ್ಕಾರ ಜಾಮೀನು ನಿಂತಿತು. 1947ರಲ್ಲಿ ಲಾಂಗ್ ಐಲ್ಯಾಂಡಿನ ಲೆವಿಟ್‌ಟೌನ್‌ನಲ್ಲಿ ಒಂದೇ ಅಚ್ಚಿನ ಮನೆಗಳು ಸಾಲುಸಾಲಾಗಿ ಎದ್ದವು. 1956ರ ಕಾಯ್ದೆ ಹೆದ್ದಾರಿಗಳಿಗೆ ದುಡ್ಡು ಸುರಿಯಿತು, ಊರಾಚೆಯಿಂದ ಕಾರಲ್ಲಿ ಓಡಾಡುವುದು ಸುಲಭವಾಯಿತು. ಆದರೆ ಕಪ್ಪು ಜನರಿಗೆ ಲೆವಿಟ್‌ಟೌನ್‌ನಲ್ಲಿ ಮನೆ ಮಾರುತ್ತಿರಲಿಲ್ಲ. ಇಂಥ ಭೇದವನ್ನು ದೇಶವಿಡೀ ನಿಷೇಧಿಸುವ ವಸತಿ ಕಾಯ್ದೆ ಬಂದದ್ದು 1968ರಲ್ಲಿ, ಅವರ ಹೋರಾಟದಿಂದ. ನಾವು ಇವತ್ತು ಎಲ್ಲಿ ಬೇಕಾದರೂ ಮನೆ ನೋಡುತ್ತೇವಲ್ಲ, ಆ ಋಣ ಅವರದು. "ಆ ಏರಿಯಾ ಸರಿ ಇಲ್ಲ" ಅಂತ ಯಾರಾದರೂ ಪಿಸುಗುಟ್ಟಿದರೆ ಯಾಕೆ ಅಂತ ಬಿಡಿಸಿ ಕೇಳಿ.

ಬಾಡಿಗೆ ಯಾಕಿಷ್ಟು ಅಂದರೆ, ಅರ್ಧ ಉತ್ತರ ಸ್ಕೂಲು. ನ್ಯೂಜೆರ್ಸಿಯ ಆಸ್ತಿ ತೆರಿಗೆ ಅಮೆರಿಕದಲ್ಲೇ ಅತಿ ಹೆಚ್ಚಿನವುಗಳಲ್ಲೊಂದು, ಅದರ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತೆ. ಮಕ್ಕಳಿಲ್ಲದವರು ಸುಮ್ನೆ "ಒಳ್ಳೆ ಡಿಸ್ಟ್ರಿಕ್ಟ್" (ಒಳ್ಳೆ ಶಾಲೆಗಳಿರುವ ವಲಯ) ಹಿಂದೆ ಬೀಳಬೇಡಿ.

ಇನ್ನು ಅಸೋಸಿಯೇಷನ್ (ಬಡಾವಣೆಗೆ ನಿಯಮ ಹಾಕುವ ಮನೆ ಮಾಲೀಕರ ಸಂಘ) ಇರುವ ಕಡೆ ಸಹಿ ಹಾಕುವ ಮುಂಚೆ ನಿಯಮ ಓದಿ. ನಮ್ಮ ಪರಿಚಯದವರೊಬ್ಬರು ಡೆಕ್ಕಿನ ಕಂಬಿ ಮೇಲೆ ಪಂಚೆ ಒಣಹಾಕಿದ್ದರು. ಬಿಳಿ ಪಂಚೆ, ಜರಿ ಅಂಚು, ಗಾಳಿಗೆ ಬಾವುಟದಂತೆ ಹಾರುತ್ತಿತ್ತು. ವಾರದೊಳಗೆ ನೋಟಿಸು ಬಂತು. ಹುಲ್ಲು ಬೆಳೆದರೂ ಅಷ್ಟೇ, ಕಸದ ಡಬ್ಬಿ ಬೀದಿಯಲ್ಲೇ ಉಳಿದರೂ ಅಷ್ಟೇ. ನನ್ನ ಪ್ರಕಾರ ಹುಲ್ಲಿನ ಮೇಲಿನ ಈ ಭಕ್ತಿ ಸ್ವಲ್ಪ ಅತಿಯೇ!

ಅಪ್ಪ ಅಮ್ಮ ಬರುವವರಿದ್ದರೆ ಮನೆಯ ಅಂದಕ್ಕಿಂತ ಫುಟ್‌ಪಾತ್ ನೋಡಿ. ಎಷ್ಟೋ ಬಡಾವಣೆಗಳಲ್ಲಿ ಅದೇ ಇರಲ್ಲ. ಕಾರು ಓಡಿಸಲು ಬಾರದ ಹಿರಿಯರಿಗೆ ದೊಡ್ಡ ಮನೆಯೂ ಜೈಲೇ. ಎಡಿಸನ್, ಮೆಟ್ರೋಪಾರ್ಕ್ ರೈಲು ನಿಲ್ದಾಣಗಳ ಹತ್ತಿರವೋ, ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಿಗೆ ನಡೆದು ಹೋಗುವಷ್ಟು ದೂರದಲ್ಲೋ ಸಣ್ಣ ಅಪಾರ್ಟ್‌ಮೆಂಟ್ ಸಿಕ್ಕರೆ ಅದೇ ವಾಸಿ.

ಅಕ್ಕಪಕ್ಕದವರ ಪರಿಚಯಕ್ಕೆ ಅಕ್ಟೋಬರ್ 31ರ ಹ್ಯಾಲೋವೀನ್ ಒಳ್ಳೆ ದಿನ. ಅವತ್ತು ಮಕ್ಕಳು ವೇಷ ಹಾಕಿಕೊಂಡು, ಸಿಹಿ ಕೇಳಲು ಕರೆಯದೇನೇ ಬಾಗಿಲಿಗೆ ಬರುತ್ತಾರೆ. ಮುಂಬಾಗಿಲ ದೀಪ ಹಾಕಿಡಿ, ಆರಿಸಿದ್ದರೆ ಬರಬೇಡಿ ಅಂತ ಅರ್ಥ. ಅಂಗಡಿಯ ಪ್ಯಾಕೆಟ್ ಚಾಕಲೇಟನ್ನೇ ಕೊಡಿ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಕೊಟ್ಟರೆ ಅಪ್ಪ ಅಮ್ಮಂದಿರು ತಿನ್ನಲು ಬಿಡಲ್ಲ.