ಸೊನ್ನೆ ಬೇರೆ, ‘ಅಳೆದಿಲ್ಲ’ ಬೇರೆ: ಪೈಲಟ್ ಆದ ನನ್ನ ಅನುಭವ

ರಜೆಗೆ ಊರಿಗೆ ಬಂದಾಗಲೆಲ್ಲ ಸೋಮವಾರಪೇಟೆ ಸಂತೆಯಲ್ಲಿ ಯಾರಾದರೂ ತಡೆದು ನಿಲ್ಲಿಸಿ ಕೇಳುತ್ತಾರೆ. “ನಮ್ಮ ಹುಡುಗನೂ ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ ಕಣಮ್ಮ, ಎಷ್ಟು ದುಡ್ಡು ಬೇಕಾಗುತ್ತೆ?” ನಾನು ತಿರುಗಿ ಕೇಳುವುದು ಒಂದೇ. “ಮೆಡಿಕಲ್ ಮಾಡಿಸಿದ್ರಾ?”

ಹೆಚ್ಚಿನವರು ಮಾಡಿಸಿರುವುದಿಲ್ಲ. ನನ್ನ ಜೊತೆ ಗ್ರೌಂಡ್ ಕ್ಲಾಸಿಗೆ ಬರುತ್ತಿದ್ದ ಹುಡುಗನೊಬ್ಬ ಮೊದಲ ಕಂತಿನ ಫೀಸು ಕಟ್ಟಿ, ಯೂನಿಫಾರ್ಮ್ ಹೊಲಿಸಿಕೊಂಡು, ಆಮೇಲೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್‌ಗೆ, ಅಂದರೆ ವೈದ್ಯಕೀಯ ಪರೀಕ್ಷೆಗೆ ಹೋದ. ಬಣ್ಣದ ಚುಕ್ಕಿಗಳ ಪುಸ್ತಕದಲ್ಲಿ ಅಡಗಿದ್ದ ಅಂಕಿ ಅವನಿಗೆ ಕಾಣಲೇ ಇಲ್ಲ. ಬಣ್ಣಗುರುಡು ಇದೆ ಎಂದು ಅಲ್ಲಿಯವರೆಗೆ ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಮೊದಲು ಆರಂಭದ ಹಂತದ ಕ್ಲಾಸ್ 2 ಮಾಡಿಸಿ, ಅದು ಸಿಕ್ಕಿದ ಕೂಡಲೇ ಕ್ಲಾಸ್ 1 ಮಾಡಿಸಿ. ಅದು ಕೈಗೆ ಬರುವ ತನಕ ತೋಟದ ಪತ್ರ ಬ್ಯಾಂಕಿಗೆ ಒಯ್ಯಬೇಡಿ.

ನಮ್ಮದು ಶಾಂತಳ್ಳಿ ಕಡೆ ಅರೇಬಿಕಾ ತೋಟ. ಅಪ್ಪನ ದಿನ ಶುರುವಾಗುವುದು ಮಳೆ ಅಳೆಯುವುದರಿಂದ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಣದ ಅಂಚಿನ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಜನವರಿಯಲ್ಲಿ ಒಂದು ಹನಿಯೂ ಬೀಳದ ದಿನ ಸೊನ್ನೆ ಬರೆಯುತ್ತಾರೆ. ಒಮ್ಮೆ ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಬಂದರು. ಆ ಮೂರು ಸಾಲಿನಲ್ಲಿ ಸೊನ್ನೆ ಇಲ್ಲ, ‘ಅಳೆದಿಲ್ಲ’ ಎಂದಿದೆ. ಪಕ್ಕದ ತೋಟದವರಲ್ಲಿ ಕೇಳಿ ಅಂಕಿ ತುಂಬಿಸಬಹುದಿತ್ತಲ್ಲ ಎಂದಿದ್ದಕ್ಕೆ, “ಅದು ಅವರ ತೋಟದ ಮಳೆ” ಎಂದರು. ಆಗ ನಾನು ಹೈಸ್ಕೂಲು.

2012ರಲ್ಲಿ ಪಿಯುಸಿ ಮುಗಿಯಿತು. ಭೌತಶಾಸ್ತ್ರ, ಗಣಿತ ಇತ್ತು, ತೊಂದರೆಯಾಗಲಿಲ್ಲ. ಕಾಮರ್ಸ್ ಓದಿ, ಆಮೇಲೆ ಓಪನ್ ಸ್ಕೂಲಿನಲ್ಲಿ ಆ ಎರಡು ವಿಷಯ ಬರೆದು ಬಂದವರೂ ನಮ್ಮ ಬ್ಯಾಚಿನಲ್ಲಿದ್ದರು. ನಮ್ಮ ಕೊಡಗಿನಲ್ಲಿ ಪೈಲಟ್ ಅಂದರೆ ಜನರಿಗೆ ಮೊದಲು ನೆನಪಾಗುವುದು ವಾಯುಪಡೆ. ಅದು ಸಹಜ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ಯುದ್ಧವಿಮಾನದಲ್ಲಿ ಹೋಗಿ ಹಿಂದಿರುಗದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನಮ್ಮವರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಸೇನೆಯಲ್ಲಿ ಹಾರಿಸಿ, ನಿವೃತ್ತಿಯಾಗಿ ಏರ್‌ಲೈನ್‌ಗೆ ಬರುವುದೂ ಒಂದು ದಾರಿ. ಆದರೆ ಏರ್‌ಲೈನ್ ಕೆಲಸ ಸಿಗಲಿ ಎಂದು ಯಾರೂ ಸೇನೆ ಸೇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದವರಿಗೆ ಮೂರು ದಾರಿ. ಭಾರತದಲ್ಲೇ ಫ್ಲೈಯಿಂಗ್ ಸ್ಕೂಲ್ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ, ಕೈಗೆ ಲೈಸೆನ್ಸ್ ಬಂದ ಮೇಲೆ ಕೆಲಸ ಹುಡುಕುವುದು ಮೊದಲನೆಯದು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಶಾಲೆ ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ವಿದೇಶದಲ್ಲಿ ಹಾರಾಟ ಮುಗಿಸಿ ಬಂದು, ಇಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷೆ ಬರೆದು ಲೈಸೆನ್ಸ್ ಬದಲಿಸಿಕೊಳ್ಳುವುದು ಎರಡನೆಯದು. ಮೂರನೆಯದು ಕೆಡೆಟ್ ಪ್ರೋಗ್ರಾಂ. ಅಲ್ಲಿ ಏರ್‌ಲೈನ್ ಮೊದಲೇ ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತದೆ, ತರಬೇತಿಯ ಖರ್ಚು ಮಾತ್ರ ನಮ್ಮದೇ, ಅದೂ ಎಲ್ಲಕ್ಕಿಂತ ಹೆಚ್ಚು. ನಾನು ಮೊದಲನೆಯದರಲ್ಲಿ ಹೋದೆ. ಕಾರಣ ದುಡ್ಡು. ಕಂತು ಕಂತಾಗಿ ಕಟ್ಟಬಹುದಿತ್ತು, ಕಾಫಿ ಮಾರಿದಾಗ ಒಂದಿಷ್ಟು, ಮೆಣಸು ಮಾರಿದಾಗ ಇನ್ನೊಂದಿಷ್ಟು.

ಡಿಜಿಸಿಎ ಪರೀಕ್ಷೆಗಳಲ್ಲಿ ಪಾಸಾಗಲು ನೂರಕ್ಕೆ 70 ಬೇಕು. ನ್ಯಾವಿಗೇಶನ್ ನನಗೆ ಎರಡು ಸಲ ಕೈಕೊಟ್ಟಿತು. ಹವಾಮಾನದ ಪೇಪರು ಮಾತ್ರ ಒಂದೇ ಸಲಕ್ಕೆ ಆಯಿತು. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತದೆ, ದಾಟಿ ಇಳಿದ ಮೇಲೆ ಒಣಗುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಆಷಾಢದಲ್ಲಿ ಶಾಂತಳ್ಳಿಯಲ್ಲಿ ಕೊಡೆ ಹಿಡಿದು ಬಸ್ ಹತ್ತಿ ಕುಶಾಲನಗರದಲ್ಲಿ ಬಿಸಿಲಿಗೆ ಇಳಿದವರಿಗೆ ಅದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನಾವೇ ಕಮಾಂಡ್‌ನಲ್ಲಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು ಇರಬೇಕು. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ ಬೇಕು, ರಾತ್ರಿ ಹಾರಾಟ ಬೇಕು. ಕಾಗದದ ಮೇಲೆ 200 ಸಣ್ಣ ಅಂಕಿ. ನಾನು ಸೇರಿದ ಶಾಲೆಯಲ್ಲಿ ಬ್ರೋಷರಿನಲ್ಲಿ ಎಂಟು ವಿಮಾನ, ಹ್ಯಾಂಗರಿನಲ್ಲಿ ಹಾರುವ ಸ್ಥಿತಿಯಲ್ಲಿದ್ದದ್ದು ಮೂರು. ಇನ್‌ಸ್ಟ್ರಕ್ಟರ್ ಒಬ್ಬರು ಬಿಟ್ಟುಹೋದರು, ಮಳೆ ಹಿಡಿಯಿತು, ಬಿಡಿಭಾಗ ಬರಲಿಲ್ಲ. ಒಂದು ವರ್ಷದಲ್ಲಿ ಮುಗಿಯಬೇಕಾದದ್ದು ಮೂರು ವರ್ಷ ಎಳೆಯಿತು. ಶಾಲೆ ನೋಡಲು ಹೋಗುವವರು ಕಚೇರಿಯ ಸೋಫಾದಲ್ಲಿ ಕೂತು ಬರಬೇಡಿ. ಕಳೆದ ತಿಂಗಳು ಎಷ್ಟು ಗಂಟೆ ಹಾರಾಟವಾಯಿತು ಎಂದು ಹಾರಾಟದ ಬೋರ್ಡು ನೋಡಿ. ಅಲ್ಲಿ ಓದುತ್ತಿರುವ ಹುಡುಗರನ್ನು ಹೊರಗೆ ಚಹಾ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿ.

ಕೊನೆಗೆ ನನಗೆ ಆರು ಗಂಟೆ ಬಾಕಿ ಇತ್ತು. ಊರಿನಲ್ಲಿ ಸಾಲದ ಬಡ್ಡಿ ಓಡುತ್ತಿತ್ತು. ಒಂದು ಸಂಜೆ ಶಾಲೆಯ ಹಿರಿಯರೊಬ್ಬರು ಹಾರಾಟದ ಗಂಟೆ ಬರೆದಿಡುವ ಲಾಗ್‌ಬುಕ್ ಮುಂದಿಟ್ಟು, “ಆರು ಗಂಟೆ ತಾನೆ, ಬರ್ಕೊಂಡುಬಿಡಮ್ಮ, ಸಹಿ ನಾನು ಹಾಕಿಸ್ತೀನಿ” ಎಂದರು. ಹಾರದೆ ಬರೆದ ಗಂಟೆಗಳಿಗೆ ನಮ್ಮ ವೃತ್ತಿಯಲ್ಲಿ ‘ಪಾರ್ಕರ್ ಪೆನ್ ಗಂಟೆ’ ಎನ್ನುತ್ತಾರೆ. ಹಳಬರ ಬಾಯಲ್ಲಿ ಅದು ‘ಪಿ 51’. ಅದು ಯುದ್ಧವಿಮಾನದ ಹೆಸರೂ ಹೌದು, ಪಾರ್ಕರ್ ಪೆನ್ನಿನ ಹೆಸರೂ ಹೌದು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದ ಸುದ್ದಿ ನಮಗೆಲ್ಲ ನೆನಪಿತ್ತು. ಆದರೆ ನನ್ನನ್ನು ತಡೆದದ್ದು ಸಿಕ್ಕಿಬೀಳುವ ಹೆದರಿಕೆಯಲ್ಲ. ಆ ಖಾಲಿ ಸಾಲುಗಳನ್ನು ನೋಡುತ್ತಿದ್ದಂತೆ ಅಪ್ಪನ ನೋಟ್‌ಬುಕ್ಕಿನ ‘ಅಳೆದಿಲ್ಲ’ ಕಣ್ಣ ಮುಂದೆ ಬಂತು. ಬೇಡ ಸರ್ ಎಂದೆ. ಆ ಆರು ಗಂಟೆ ಮುಗಿಯಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ಬಡ್ಡಿ ಹೆಚ್ಚು ಕಟ್ಟಿದೆವು. ಮನೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ.

2015ರ ಕೊನೆಗೆ ಲೈಸೆನ್ಸ್ ಬಂತು, ಕೆಲಸ ಬರಲಿಲ್ಲ. ಒಂದೂವರೆ ವರ್ಷ ತೋಟದಲ್ಲಿ ಅಪ್ಪನ ಜೊತೆ ಲೆಕ್ಕ ಬರೆದೆ, ಎರಡು ಏರ್‌ಲೈನ್ ಪರೀಕ್ಷೆಯಲ್ಲಿ ಬಿದ್ದೆ, ಮೂರನೆಯದರಲ್ಲಿ ಆಯ್ಕೆಯಾದೆ. ಆಮೇಲೆ ಏರ್‌ಬಸ್ ಎ320ರ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಯ ವಿಮಾನ ಹಾರಿಸುವ ತರಬೇತಿ. ಅಲ್ಲಿ ಕೆಡೆಟ್ ದಾರಿಯಿಂದ ಬಂದ ಗೆಳತಿಯ ಪಕ್ಕ ಕೂತಾಗ ನನ್ನ ಕೊರತೆ ನನಗೆ ಕಂಡಿತು. ಚೆಕ್‌ಲಿಸ್ಟ್ ಓದುವ ಕ್ರಮ, ಯಾವ ಮಾತನ್ನು ಯಾವ ಕ್ಷಣದಲ್ಲಿ ಆಡಬೇಕು ಎನ್ನುವುದು ಅವಳಿಗೆ ಮೊದಲ ದಿನದಿಂದಲೇ ರೂಢಿಯಾಗಿತ್ತು. ನಾನು ಒಬ್ಬಳೇ ಹಾರಿಸಿ ಬೆಳೆದವಳು, ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದೆ. ಇಬ್ಬರು ಕೂರುವ ಕಾಕ್‌ಪಿಟ್‌ನಲ್ಲಿ ಬಾಯಿ ಬಿಟ್ಟು ಹೇಳದಿದ್ದರೆ ಅದು ಆಗಿಲ್ಲ ಎಂದೇ ಲೆಕ್ಕ. ಅದನ್ನು ತಿದ್ದಿಕೊಳ್ಳಲು ನನಗೆ ಹಲವು ಸಿಮ್ಯುಲೇಟರ್ ಸೆಷನ್ ಬೇಕಾಯಿತು.

ಅಮೆರಿಕದಲ್ಲಿ 2009ರ ಅಪಘಾತವೊಂದರ ನಂತರ, 2013ರಿಂದ ಏರ್‌ಲೈನ್‌ನ ಸಹ ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಕೇಳುತ್ತಾರೆ. ನಮ್ಮಲ್ಲಿ ಆ 1500 ಬೇಕಾಗುವುದು ಕ್ಯಾಪ್ಟನ್ ಆಗುವವರ ಎಟಿಪಿಎಲ್ ಲೈಸೆನ್ಸಿಗೆ. ಹಾಗಾಗಿ 200 ಗಂಟೆಯ ಹುಡುಗಿ 180 ಜನರ ವಿಮಾನದಲ್ಲಿ ಬಲಗಡೆ ಕೂರುತ್ತಾಳೆ. ಇದು ಸರಿಯೇ ಎಂದು ಜನ ಕೇಳುತ್ತಾರೆ. ಆ 200 ಗಂಟೆ ನಿಜವಾದದ್ದಾಗಿದ್ದರೆ, ಟೈಪ್ ರೇಟಿಂಗ್ ಗಟ್ಟಿಯಾಗಿದ್ದರೆ ಸರಿ ಎನ್ನುತ್ತೇನೆ. ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಎಂಜಿನ್ ಆರಿಸಿ, ಬೆಂಕಿ ಹೊತ್ತಿಸಿ ಪರೀಕ್ಷೆ ಮಾಡುತ್ತಾರೆ. ಹಾರಾಟದ ಹಿಂದಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಹುತ್ತರಿ ಹಬ್ಬಕ್ಕೆ ಮಡಿಕೇರಿಯ ಗೆಳತಿಯ ಮನೆಗೆ ಹೋದರೆ ನನ್ನ ಲೋಟದಲ್ಲಿ ಏನಿರುತ್ತದೆ ಎಂದು ಈಗ ಅಲ್ಲಿನ ಹಿರಿಯರೂ ಕೇಳುವುದಿಲ್ಲ.

2010ರ ಮೇ 22ರ ಬೆಳಗ್ಗೆ ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ ಎಂದು ಹೇಳಿದ್ದರೂ ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರು ಎಂದು ತನಿಖಾ ವರದಿಯಲ್ಲಿದೆ. ತರಬೇತಿಯಲ್ಲಿ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2019ರ ಜುಲೈಯಲ್ಲಿ ಅದೇ ಮಂಗಳೂರಿಗೆ ಇಳಿಯುತ್ತಿದ್ದೆವು. ಬೆಟ್ಟದ ತಲೆ ಕಡಿದು ಮಾಡಿದ ರನ್‌ವೇ, ಮೇಲಾಗಿ ಮಳೆಗಾಲ, ಹಾಗಾಗಿ ಇಳಿಸುವುದು ಕ್ಯಾಪ್ಟನ್‌ರದೇ ಕೆಲಸ. ಗಮನಿಸಿ ಹೇಳುವುದು ನನ್ನದು. ಅವರು ವಾಯುಪಡೆಯಿಂದ ಬಂದವರು, ಅನುಭವದಲ್ಲಿ ನನಗೆ ಗುರುವಿನಂತೆ. ಸಾವಿರ ಅಡಿಯಲ್ಲಿ ಎಲ್ಲ ಸರಿಯಿತ್ತು. ವೈಪರ್ ಜೋರಾಗಿ ಓಡುತ್ತಿತ್ತು, ದೀಪಗಳು ಕಂಡು ಮರೆಯಾಗುತ್ತಿದ್ದವು. ಅಷ್ಟರಲ್ಲಿ ಗಾಳಿ ತಿರುಗಿತು. ಇಳಿಯುವ ಓರೆ ದಾರಿ ತೋರಿಸುವ ಗ್ಲೈಡ್‌ಸ್ಲೋಪ್ ಚುಕ್ಕಿ ಕೆಳಗೆ ಸರಿಯಿತು, ಅಂದರೆ ನಾವು ಆ ದಾರಿಗಿಂತ ಮೇಲಿದ್ದೇವೆ. ವೇಗ ಏರುತ್ತಿತ್ತು. “ಸ್ಪೀಡ್” ಎಂದೆ. “ಚೆಕ್ಡ್” ಎಂದರು. ಐನೂರು ಅಡಿಗೆ ಬಂದರೂ ವೇಗ ಇಳಿದಿರಲಿಲ್ಲ. ಬಾಯಿ ಒಣಗಿತ್ತು. “ಅನ್‌ಸ್ಟೇಬಲ್, ಗೋ ಅರೌಂಡ್” ಎಂದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರ ಬಲಗೈ ಎಂಜಿನ್ನಿನ ಶಕ್ತಿ ಏರಿಸುವ ಥ್ರಸ್ಟ್ ಲಿವರ್‌ಗಳನ್ನು ಪೂರ್ತಿ ಮುಂದಕ್ಕೆ ತಳ್ಳಿತು. “ಗೋ ಅರೌಂಡ್, ಫ್ಲ್ಯಾಪ್ಸ್.” ರೆಕ್ಕೆಯ ಹಿಂದಂಚಿನ ಫ್ಲ್ಯಾಪನ್ನು ಒಂದು ಮೆಟ್ಟಿಲು ಎತ್ತಿದೆ. “ಪಾಸಿಟಿವ್ ಕ್ಲೈಂಬ್.” “ಗೇರ್ ಅಪ್.” ಮೋಡದೊಳಗೆ ಮೇಲೇರಿದೆವು.

ಇಪ್ಪತ್ತು ನಿಮಿಷ ಸುತ್ತಿ, ಮಳೆ ತಗ್ಗಿದ ಮೇಲೆ ಇಳಿದೆವು. ಗೋ ಅರೌಂಡ್ ಮಾಡಿದ್ದಕ್ಕೆ ಪೈಲಟ್‌ಗೆ ಶಿಕ್ಷೆಯಿಲ್ಲ, ವರದಿ ಬರೆದರೆ ಸಾಕು. ವರದಿಯಲ್ಲಿ ಅವರು ಮೊದಲು ಬರೆದದ್ದು ಸಹ ಪೈಲಟ್ ಸರಿಯಾದ ಸಮಯಕ್ಕೆ ಹೇಳಿದರು ಎಂದು. ಬಸ್ಸಿನಲ್ಲಿ ಹೋಟೆಲಿಗೆ ಹೋಗುವಾಗ, “ಇನ್ನು ಅರ್ಧ ಸೆಕೆಂಡು ಬೇಗ ಹೇಳಬಹುದಿತ್ತಮ್ಮ, ನನ್ನ ಮುಖ ನೋಡಬೇಡ, ಮೀಟರ್ ನೋಡು” ಎಂದರು. ರಾತ್ರಿ ಮನೆಗೆ ಫೋನ್ ಮಾಡಿದಾಗ ಅಪ್ಪ ನನ್ನ ವಿಷಯ ಕೇಳುವ ಮೊದಲೇ ಆ ಬೆಳಗಿನ ಅಳತೆ ಹೇಳಿದರು, 4 ಇಂಚು 20 ಸೆಂಟ್ಸ್.

ಈಗ ನಾನು ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಕೂರುತ್ತೇನೆ. ಮೊನ್ನೆ ಬಲಗಡೆ ಬಂದು ಕೂತವನಿಗೆ 23 ವರ್ಷ, ಕೆಡೆಟ್ ದಾರಿಯವನು, ಮಾತಿಗೊಮ್ಮೆ “ಮ್ಯಾಮ್” ಎನ್ನುತ್ತಿದ್ದ. ಬ್ರೀಫಿಂಗ್‌ನಲ್ಲಿ ಅವನಿಗೆ ಹೇಳಿದೆ. “ತಪ್ಪು ಕಂಡರೆ ಹೇಳು. ನಾನು ಉತ್ತರ ಕೊಡದಿದ್ದರೆ ಇನ್ನೊಂದು ಸಲ ಹೇಳು. ಆಗಲೂ ಕೊಡದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಅಂತ ಹೇಳಿ ನೀನೇ ತಗೋ.” ಅವನು ತಲೆಯಾಡಿಸಿದ. ತಲೆಯಾಡಿಸಿದ್ದು ಸಾಲದು, ಬಾಯಿಬಿಟ್ಟು ಹೇಳು ಎಂದೆ. ಹೇಳಿದ.